ಕಂಠಸ್ಥವಾದ ಲಂಡನ್

ಲಂಡನ್ ನಗರದ ಉತ್ತರ ಭಾಗದಲ್ಲಿ ಮ್ಯಾನರ್ ಹೌಸ್ ಎಂಬುದೊಂದು ಸುರಂಗ ರೈಲು ನಿಲ್ದಾಣ. 1932ರಲ್ಲಿ ತೆರೆದ ಈ ನಿಲ್ದಾಣಕ್ಕೆ ಅಲ್ಲಿಯೇ ಇದ್ದ ಒಂದು ಪಾನಗೃಹದ ಹೆಸರು ಅಂಟಿಕೊಂಡಿತು. ಒಂದು ಕಡೆಗೆ ಫಿನ್ಸ್‌ಬರಿ ಉದ್ಯಾನದ ಮರಗಳು, ಮತ್ತೊಂದು ಕಡೆಗೆ ಎಲ್ಲ ಊರುಗಳಲ್ಲಿಯೂ ಇರುವಂಥ ಅಂಗಡಿಸಾಲು. ಅರಮನೆಯನ್ನೂ ಬಿಗ್ ಬೆನ್ ಗಡಿಯಾರವನ್ನೂ ನೋಡಿ ಹಿಂತಿರುಗುವ ಪ್ರವಾಸಿಗೆ ಇತ್ತ ಕಾಲಿಡುವ ಕಾರಣವೇ ಇಲ್ಲ. ಆದರೂ ಬೀದಿಯಲ್ಲಿ ವಾಹನಗಳ ಸದ್ದು ಇನ್ನೂ ಏಳದ ಭಾನುವಾರದ ಬೆಳಿಗ್ಗೆ ಇಲ್ಲಿ ಸ್ವಲ್ಪ ಹೊತ್ತು ನಿಂತವರಿಗೆ ಒಂದು ವಿಚಿತ್ರ ದೃಶ್ಯ ಕಾಣಸಿಗುವುದುಂಟು. ಪುಟ್ಟ ಸ್ಕೂಟರೊಂದು ಬಂದು ನಿಲ್ಲುತ್ತದೆ. ಅದರ ಹ್ಯಾಂಡಲಿನ ಮೇಲೆ ಒಂದು ರಟ್ಟು. ರಟ್ಟಿನ ಮೇಲೆ ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹೊದಿಸಿದ ಕಾಗದ. ಹಿಂಬದಿಯಲ್ಲಿ ಕಲಿಯುವವನ ಗುರುತಾದ ಕೆಂಪು ‘ಎಲ್’ ಅಕ್ಷರ. ಸವಾರನು ಇಳಿದು ಅತ್ತಿತ್ತ ನೋಡುತ್ತಾನೆ. ಗೋಡೆಯ ಮೇಲಿನ ಬೀದಿಯ ಹೆಸರನ್ನು ಓದುತ್ತಾನೆ. ಏನನ್ನೋ ಗೊಣಗಿಕೊಳ್ಳುತ್ತಾನೆ, ಬರೆದುಕೊಳ್ಳುತ್ತಾನೆ, ಮತ್ತೆ ಗೊಣಗಿಕೊಂಡು ಹೊರಟುಹೋಗುತ್ತಾನೆ.

ಅವನು ಪತ್ತೇದಾರನಲ್ಲ, ಅಂಚೆಯವನೂ ಅಲ್ಲ. ಲಂಡನ್ನಿನ ಕಪ್ಪು ಟ್ಯಾಕ್ಸಿಯನ್ನು ನಡೆಸುವ ಹಕ್ಕಿಗಾಗಿ ಓದುತ್ತಿರುವ ವಿದ್ಯಾರ್ಥಿ. ಅವನ ಪಾಠಪುಸ್ತಕದ ಮೊದಲನೆಯ ಪಾಠ ಈ ನಿಲ್ದಾಣದ ಬಾಗಿಲಿನಲ್ಲಿ ಆರಂಭವಾಗುತ್ತದೆ.

ಬ್ರಿಟನ್ನಿನಲ್ಲಿ ಸಾಧಾರಣ ಮೋಟಾರು ಪರವಾನಗಿ ಬೇಡುವವನಿಗೂ ಪರೀಕ್ಷೆ ತಪ್ಪಿದ್ದಲ್ಲ. ಗಾಡಿಯ ಮೇಲೆ ಕೈಯಿಟ್ಟು ತೋರಿಸುವ ಪರೀಕ್ಷೆಗೆ ಮುಂಚೆ, ರಸ್ತೆಯ ನಿಯಮಗಳನ್ನು ಕುರಿತ ಪ್ರತ್ಯೇಕ ಪರೀಕ್ಷೆಯೊಂದನ್ನು 1996ರ ಜುಲೈ ತಿಂಗಳಿನಿಂದ ಅಲ್ಲಿ ಕಡ್ಡಾಯ ಮಾಡಿದ್ದಾರೆ. ಈಗ ಅದರಲ್ಲಿ 50 ಪ್ರಶ್ನೆಗಳು, 57 ನಿಮಿಷಗಳ ಅವಧಿ. 43ಕ್ಕಾದರೂ ಸರಿಯುತ್ತರ ಕೊಡಬೇಕು. ಬಳಿಕ 14 ಚಲನಚಿತ್ರದ ತುಣುಕುಗಳನ್ನು ತೋರಿಸಿ, ಅಪಾಯ ಎಲ್ಲಿ ಮೂಡುತ್ತಿದೆಯೆಂಬುದನ್ನು ಗುರುತಿಸಹೇಳುತ್ತಾರೆ. ಕೆಲವು ವಾರ ಮನಸ್ಸಿಟ್ಟು ಓದಿದವರು ಒಂದು ಮಧ್ಯಾಹ್ನದಲ್ಲಿ ಮುಗಿಸಿಕೊಂಡು ಬರಬಹುದು. ಸ್ಕೂಟರಿನ ಮೇಲಿನ ಈ ವಿದ್ಯಾರ್ಥಿಯು ಹೊರಟಿರುವುದು ಇನ್ನೊಂದು ಪರೀಕ್ಷೆಗೆ. ಅದು ಮುಗಿಯಲು ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಬೇಕು.

ಆ ಪರೀಕ್ಷೆಯ ಹೆಸರು ‘ನಾಲೆಡ್ಜ್’, ಎಂದರೆ ಜ್ಞಾನ. ವಿಶೇಷಣವಿಲ್ಲ, ವಿವರಣೆಯಿಲ್ಲ, ಬರಿಯ ಜ್ಞಾನ. ನಮ್ಮ ಕಡೆಯವರಿಗೆ ಈ ಶಬ್ದ ಕೇಳಿದೊಡನೆ ಋಷ್ಯಾಶ್ರಮ ನೆನಪಾದರೆ ತಪ್ಪಿಲ್ಲ. ಆದರೆ ಇದು ಬ್ರಹ್ಮಜ್ಞಾನವಲ್ಲ, ಬೀದಿಜ್ಞಾನ. ಟ್ರಫಾಲ್ಗರ್ ಚೌಕದ ದಕ್ಷಿಣದ ಅಂಚಿನಲ್ಲಿ ಚೇರಿಂಗ್ ಕ್ರಾಸ್ ಎಂಬ ಸ್ಥಳದಲ್ಲಿ ಒಂದನೆಯ ಚಾರ್ಲ್ಸ್ ದೊರೆಯ ಅಶ್ವಾರೂಢ ಪ್ರತಿಮೆಯಿದೆ. ಲಂಡನ್ನಿಗೆ ಇಷ್ಟು ಮೈಲಿ ಎಂದು ಎಣಿಸುವುದು ಆ ಸ್ಥಳದಿಂದಲೇ. ಅದನ್ನು ನಡುವಿನಲ್ಲಿಟ್ಟು ಆರು ಮೈಲಿ ತ್ರಿಜ್ಯದ ಒಂದು ವೃತ್ತವನ್ನು ಎಳೆದರೆ ಅದರೊಳಗೆ ಬೀಳುವುದು ಸುಮಾರು 113 ಚದರ ಮೈಲಿ. ಅಲ್ಲಿರುವ ಬೀದಿಗಳು ಸುಮಾರು 25,000. ಇವೆಲ್ಲವೂ ಅಭ್ಯರ್ಥಿಗೆ ಬಾಯಿಗೆ ಬರಬೇಕು. ಬೀದಿಗಳ ಮೇಲಿರುವ ಆಸ್ಪತ್ರೆ, ನ್ಯಾಯಾಲಯ, ರಾಯಭಾರ ಕಚೇರಿ, ನಾಟಕಶಾಲೆ, ಹೋಟೆಲು, ಪ್ರತಿಮೆ, ಮಸೀದಿ, ಇಗರ್ಜಿ ಯಾವುದೂ ತಪ್ಪಬಾರದು. ನಕ್ಷೆಯನ್ನು ನೋಡುವಂತಿಲ್ಲ, ಪರೀಕ್ಷಕನ ಎದುರಿಗೆ ಕುಳಿತು ಬಾಯಲ್ಲಿ ಒಪ್ಪಿಸಬೇಕು.

ಲಂಡನ್ ಇದಕ್ಕೆ ಹೇಳಿ ಮಾಡಿಸಿದ ಊರಲ್ಲ. ಚದುರಂಗದ ಹಾಸಿನಂತೆ ಅಳೆದು ಕಟ್ಟಿದ ನಗರವಾದರೆ ಒಂದು ಸಾಲನ್ನು ಬಲ್ಲವನು ಮುಂದಿನ ಸಾಲನ್ನು ಊಹಿಸಬಹುದು. 1666ರ ಮಹಾ ಅಗ್ನಿಪ್ರಮಾದದಲ್ಲಿ ಹಳೆಯ ಪಟ್ಟಣ ಸುಟ್ಟಾಗ, ಕ್ರಿಸ್ಟಫರ್ ರೆನ್ ಎಂಬ ಶಿಲ್ಪಿ ನೇರವಾದ ವಿಶಾಲ ಬೀದಿಗಳ ಹೊಸ ಯೋಜನೆಯೊಂದನ್ನು ಬರೆದುಕೊಟ್ಟನು. ಅದು ಕಾಗದದ ಮೇಲೆಯೇ ಉಳಿಯಿತು. ಜನರು ತಮ್ಮ ತಮ್ಮ ಹಳೆಯ ಪಾಯದ ಮೇಲೆಯೇ ಮನೆ ಕಟ್ಟಿಕೊಂಡರು. ಸಂದಿಗೊಂದಿಗಳೂ ಹಳೆಯ ಜಾಗಕ್ಕೇ ಮರಳಿದವು. ಸುತ್ತಲಿನ ಹಳ್ಳಿಗಳನ್ನು ನುಂಗುತ್ತ ಊರು ಬೆಳೆದಾಗ ಪ್ರತಿ ಹಳ್ಳಿಯೂ ತನ್ನ ‘ಹೈ ಸ್ಟ್ರೀಟ್’, ತನ್ನ ‘ಚರ್ಚ್ ರೋಡ್’ಗಳನ್ನು ಜೊತೆಗೇ ತಂದಿತು. ಒಂದೇ ಹೆಸರಿನ ಹತ್ತಾರು ಬೀದಿಗಳು. ಹತ್ತು ಹೆಜ್ಜೆಗೊಮ್ಮೆ ಹೆಸರು ಬದಲಿಸುವ ಒಂದೇ ಬೀದಿ. ಇದು ಸಾಲದೆಂಬಂತೆ ಏಕಮುಖ ಸಂಚಾರದ ಕಟ್ಟುಗಳು. ಹೋದ ದಾರಿಯಲ್ಲಿಯೇ ಹಿಂತಿರುಗಲು ಆಗದಾದುದರಿಂದ ಪ್ರತಿಯೊಂದು ದಾರಿಯನ್ನೂ ಹೋಗುವಾಗ ಒಂದು ಬಗೆ, ಬರುವಾಗ ಒಂದು ಬಗೆ ಎಂದು ಎರಡು ಸಲ ಕಲಿಯಬೇಕು.

ಕುದುರೆಗಾಡಿಗಳ ಕಾಲದಿಂದ ಈ ಪದ್ಧತಿ ನಡೆದುಬಂದಿದೆ. 1851ರಲ್ಲಿ ಹೈಡ್ ಪಾರ್ಕಿನಲ್ಲಿ ಜಗತ್ಪ್ರಸಿದ್ಧವಾದ ಮಹಾಪ್ರದರ್ಶನ ನಡೆದಾಗ ದೇಶವಿದೇಶಗಳಿಂದ ಬಂದವರು, ‘ಇಲ್ಲಿಯ ಗಾಡಿಯವರಿಗೆ ದಾರಿಯೇ ಗೊತ್ತಿಲ್ಲ’ವೆಂದು ದೂರಿದರೆಂದೂ ಪರೀಕ್ಷೆಯ ಬೀಜ ಅಲ್ಲಿ ಬಿತ್ತೆಂದೂ ಹೇಳುವ ವಾಡಿಕೆಯಿದೆ. 1865ರಿಂದ ಅದು ಕಡ್ಡಾಯವಾಯಿತು. ಬಹುಕಾಲ ಇದನ್ನು ನಡೆಸುತ್ತಿದ್ದವರು ಪೊಲೀಸರು. 2000ದಲ್ಲಿ ನಗರದ ಸಾರಿಗೆ ಆಡಳಿತದ ಕೈಗೆ ಬಂದಿತು. ಕುದುರೆ ಹೋಯಿತು, ಪೆಟ್ರೋಲು ಬಂದಿತು, ಡೀಸೆಲು ಬಂದಿತು. 2018ರಿಂದ ಹೊಸದಾಗಿ ರಸ್ತೆಗಿಳಿಯುವ ಟ್ಯಾಕ್ಸಿಗಳು ವಿದ್ಯುಚ್ಛಕ್ತಿಯಿಂದ ಓಡಬಲ್ಲವಾಗಿರಬೇಕೆಂದು ವಿಧಿಸಿದ್ದಾರೆ. ಪಾಠ ಮಾತ್ರ ಹಾಗೆಯೇ ಇದೆ.

ಪಾಠಪುಸ್ತಕಕ್ಕೆ ‘ನೀಲಿ ಪುಸ್ತಕ’ವೆಂದು ಹೆಸರು. ಅದರಲ್ಲಿ 320 ದಾರಿಗಳು. ಹದಿನಾರರಂತೆ ಇಪ್ಪತ್ತು ಪಟ್ಟಿಗಳು. ಮೊದಲನೆಯದು ಮ್ಯಾನರ್ ಹೌಸ್ ನಿಲ್ದಾಣದಿಂದ ಗಿಬ್ಸನ್ ಚೌಕಕ್ಕೆ. ಮೂರು ಮೈಲಿಗೂ ಕಡಮೆಯಾದ ಈ ದಾರಿಯನ್ನು, ಉಳಿದುದನ್ನೆಲ್ಲ ಮರೆತ ಮುದಿ ಚಾಲಕನೂ ನಿದ್ದೆಯಲ್ಲಿ ಹೇಳಬಲ್ಲನಂತೆ. ಎಡಕ್ಕೆ ಹೊರಟು ಗ್ರೀನ್ ಲೇನ್ಸ್, ಬಲಕ್ಕೆ ಬ್ರೌನ್ಸ್‌ವುಡ್ ರೋಡ್, ಎಡಕ್ಕೆ ಬ್ಲ್ಯಾಕ್‌ಸ್ಟಾಕ್ ರೋಡ್, ನೇರಕ್ಕೆ ಹೈಬರಿ ಪಾರ್ಕ್, ನೇರಕ್ಕೆ ಹೈಬರಿ ಗ್ರೋವ್, ಬಲಕ್ಕೆ ಸೇಂಟ್ ಪಾಲ್ಸ್ ರೋಡ್ ಎಂದು ರಾಗವಾಗಿ ಸಾಗುತ್ತದೆ ಅದರ ಪಾಠ. ಮಗ್ಗಿಯನ್ನು ಕೂಗಿ ಕಲಿತವರಿಗೆ ಈ ಧಾಟಿ ಹೊಸದೆನಿಸದು.

ಸ್ಕೂಟರಿನ ಹಿಂದೆಯೇ ಹೋಗಿ ನೋಡಿದರೆ ಆ ಒಣ ಹೆಸರುಗಳ ಒಳಗಿರುವುದು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಬ್ಲ್ಯಾಕ್‌ಸ್ಟಾಕ್ ರೋಡಿನ ಸಮೀಪದಲ್ಲಿಯೇ ಆರ್ಸೆನಲ್ ಕಾಲ್ಚೆಂಡಿನ ತಂಡದವರು 1913ರಿಂದ 2006ರವರೆಗೆ ಆಡಿದ ಹೈಬರಿ ಮೈದಾನವಿದ್ದಿತು. ಈಗ ಸಾವಿರಾರು ಜನ ಕೂಗುತ್ತಿದ್ದ ಕಟ್ಟೆಗಳ ಜಾಗದಲ್ಲಿ ಸಂಸಾರಗಳು ವಾಸವಾಗಿವೆ. ಚೆಂಡು ಉರುಳುತ್ತಿದ್ದ ಹುಲ್ಲುಗಾವಲು ಆ ಮನೆಗಳವರ ಕೈತೋಟವಾಗಿದೆ. ‘ಹೈಬರಿ ಮೈದಾನಕ್ಕೆ ನಡೆಯಪ್ಪ’ ಎನ್ನುವ ಮುದುಕರು ಇನ್ನೂ ಗಾಡಿ ಹತ್ತಿಯಾರು. ಆದುದರಿಂದ ಇರುವುದನ್ನಷ್ಟೇ ಅಲ್ಲ, ಇದ್ದುದನ್ನೂ ಚಾಲಕನು ಬಲ್ಲವನಾಗಿರಬೇಕು.

ಸೇಂಟ್ ಪಾಲ್ಸ್ ರೋಡು ಮುಗಿಯುವಲ್ಲಿ ಹೈಬರಿ ಕಾರ್ನರ್ ಎಂಬ ಕೂಡುರಸ್ತೆ ಸಿಗುತ್ತದೆ. 1944ರ ಜೂನ್ 27ರಂದು ಜರ್ಮನರ ಹಾರುವ ಬಾಂಬೊಂದು ಇಲ್ಲಿ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಸುತ್ತಣ ಕಟ್ಟಡಗಳು ನೆಲಸಮವಾದವು. ಆ ಬಯಲಿನಲ್ಲಿ ಮುಂದೆ ದೊಡ್ಡದೊಂದು ಸಂಚಾರ ವೃತ್ತ ಏರ್ಪಟ್ಟಿತು. 2019ರಲ್ಲಿ ಆ ವೃತ್ತದ ಒಂದು ಪಕ್ಕವನ್ನು ಮುಚ್ಚಿ ನಡೆಯುವವರಿಗೆ ಬಿಟ್ಟುಕೊಟ್ಟರು. ಅಲ್ಲಿಯವರೆಗೆ ಕಲಿತಿದ್ದವರೆಲ್ಲ ಆ ಒಂದು ತಿರುವನ್ನು ಮರೆತು ಮತ್ತೆ ಕಲಿಯಬೇಕಾಯಿತು. ಕಂಠಪಾಠ ಮಾಡಿದ ಗ್ರಂಥವನ್ನು ಯಾರೋ ರಾತ್ರೋರಾತ್ರಿ ತಿದ್ದಿಟ್ಟು ಹೋದರೆ ಹೇಗಾಗುವುದೋ ಹಾಗೆ.

ಮುಂದೆ ಅಪ್ಪರ್ ಸ್ಟ್ರೀಟು. ಅಲ್ಲಿಂದ ಬಲಕ್ಕೆ ಹೊರಳಿದರೆ ಗದ್ದಲ ಒಮ್ಮೆಲೇ ಹಿಂದೆ ಉಳಿದು ಹಳೆಯ ಇಟ್ಟಿಗೆಮನೆಗಳ ಮೌನ ಆರಂಭವಾಗುತ್ತದೆ. ಕಾಲೇಜ್ ಕ್ರಾಸ್ ಎಂಬ ಬೀದಿಯ ಹೆಸರನ್ನು ಕಂಡು ಬೆಂಗಳೂರಿನವರು ಮುಗುಳ್ನಗಬಹುದು. ಬಳಿಕ ಬಾರ್ನ್ಸ್‌ಬರಿ ಸ್ಟ್ರೀಟು. ಎತ್ತರವಾದ ಕಿರಿದಾದ ಕಿಟಕಿಗಳ ಗಂಭೀರಮುಖದ ಮಿಲ್ನರ್ ಚೌಕ. ಅದರಾಚೆ ಗಿಬ್ಸನ್ ಚೌಕ. 1830ರ ದಶಕದ ಅಂದವಾದ ಮನೆಗಳ ನಡುವೆ ಒಂದು ಉದ್ಯಾನ. ಉದ್ಯಾನದ ನಡುವೆ ಗ್ರೀಕರ ಗುಡಿಯನ್ನು ಹೋಲುವ ಇಟ್ಟಿಗೆಯ ಪುಟ್ಟ ಕಟ್ಟಡ. ಯಾವ ದೇವತೆಯ ಗುಡಿಯೆಂದು ಬಗ್ಗಿ ನೋಡಿದವರು ಬೇಸ್ತುಬೀಳುತ್ತಾರೆ. ವಿಕ್ಟೋರಿಯಾ ಸುರಂಗ ರೈಲುಮಾರ್ಗವನ್ನು ತೋಡಿದಾಗ ಅದಕ್ಕೆ ಗಾಳಿಯಾಡಲು ಇಲ್ಲಿ ಒಂದು ಗೂಡು ಬೇಕಾಯಿತು. ತಮ್ಮ ಚೌಕದ ಅಂದ ಕೆಡುವುದೆಂದು ನಿವಾಸಿಗಳು ಹಟ ಹಿಡಿದದ್ದರಿಂದ 1970ರಲ್ಲಿ ಆ ಗಾಳಿಗೂಡಿಗೆ ಗುಡಿಯ ವೇಷ ತೊಡಿಸಿದರು. ಇಂಥ ಮೂಲೆಯೊಂದನ್ನು ಹುಟ್ಟಿ ಬೆಳೆದ ಲಂಡನ್ನಿಗರಲ್ಲಿಯೂ ಎಷ್ಟು ಮಂದಿ ಕಂಡಿದ್ದಾರು? ಟ್ಯಾಕ್ಸಿಯವರೆಲ್ಲರೂ ಕಂಡಿದ್ದಾರೆ. ಅವರ ಅಕ್ಷರಾಭ್ಯಾಸವೇ ಇಲ್ಲಿ.

ಇನ್ನು ಉಳಿದಿರುವುದು 319 ದಾರಿಗಳು.

ದಾರಿಯ ಹೆಸರುಗಳನ್ನಷ್ಟೇ ಕಲಿತರೆ ಮುಗಿಯಿತೆಂದಲ್ಲ. ಹೊರಡುವ ಸ್ಥಳದ ಸುತ್ತ ಕಾಲು ಮೈಲಿ, ತಲುಪುವ ಸ್ಥಳದ ಸುತ್ತ ಕಾಲು ಮೈಲಿ ಅಲೆದು ಅಲ್ಲಿ ಏನೇನಿದೆಯೋ ಎಲ್ಲವನ್ನೂ ಗುರುತು ಹಾಕಿಕೊಳ್ಳಬೇಕು. ಮನೆಗೆ ಬಂದು ದೊಡ್ಡ ನಕ್ಷೆಯ ಮೇಲೆ ಎರಡು ಸ್ಥಳಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿಯುತ್ತಾರೆ. ಆ ದಾರಕ್ಕೆ ಎಷ್ಟು ಹತ್ತಿರವಾಗಿ ಸಾಗಿದರೆ ಅಷ್ಟು ಒಳ್ಳೆಯ ದಾರಿ. ‘ನೂಲಿನ ಮೇಲೆ ಹೋದ’ ಎಂಬುದು ಅವರಲ್ಲಿ ಮೆಚ್ಚುಗೆಯ ಮಾತು. ನೆನಪಿಗೆ ಒದಗಲೆಂದು ಚಮತ್ಕಾರದ ವಾಕ್ಯಗಳೂ ಬಳಕೆಯಲ್ಲಿವೆ. ಷಾಫ್ಟ್ಸ್‌ಬರಿ ಅವೆನ್ಯೂವಿನಲ್ಲಿ ಸಾಲಾಗಿರುವ ಲಿರಿಕ್, ಅಪಾಲೊ, ಗೀಲ್‌ಗುಡ್, ಕ್ವೀನ್ಸ್, ಪ್ಯಾಲೆಸ್ ಎಂಬ ಐದು ನಾಟಕಶಾಲೆಗಳಿಗೆ ‘ಲಿಟ್ಲ್ ಆಪಲ್ಸ್ ಗ್ರೋ ಕ್ವಿಕ್ಲಿ ಪ್ಲೀಸ್’ ಎಂಬುದು ಸೂತ್ರ. ಪುಟ್ಟ ಸೇಬುಗಳು ಬೇಗ ಬೆಳೆಯಲೆಂದು ಅದರ ಅರ್ಥ. 2019ರಲ್ಲಿ ಕ್ವೀನ್ಸ್ ನಾಟಕಶಾಲೆಗೆ ಸಾಂಡ್‌ಹೈಮ್ ಎಂದು ಹೊಸ ಹೆಸರಿಟ್ಟರು. ಸೂತ್ರದ ಒಂದು ಅಕ್ಷರ ಕಳಚಿಬಿತ್ತು. ಫಿಲ್ಪಾಟ್ ಲೇನ್ ಎಂಬ ಓಣಿಯ ಒಂದು ಗೋಡೆಯ ಮೇಲೆ ಎರಡು ಇಲಿಗಳು ಗಿಣ್ಣಿನ ಚೂರಿಗಾಗಿ ಕಚ್ಚಾಡುತ್ತಿರುವ ಅಂಗೈಗಿಂತ ಚಿಕ್ಕ ಶಿಲ್ಪವಿದೆ. ನಗರದ ಅತಿ ಸಣ್ಣ ಪ್ರತಿಮೆ ಎಂದು ಅದಕ್ಕೆ ಖ್ಯಾತಿ. ಅದನ್ನೂ ಕೇಳಿಯಾರೆಂಬ ಭಯದಿಂದ ಅಭ್ಯರ್ಥಿಗಳು ಕತ್ತೆತ್ತಿ ನೋಡಿಕೊಂಡು ಬರುತ್ತಾರೆ.

ಹೀಗೆ ಅಲೆಯುವವರು ಹುಡುಗರೇನಲ್ಲ. ಪರವಾನಗಿ ದೊರೆಯಲು 21 ವರ್ಷ ತುಂಬಿರಬೇಕು, ಮೇಲಿನ ಮಿತಿಯಿಲ್ಲ. ನಲವತ್ತು ದಾಟಿದವನಾದರೂ ಪರೀಕ್ಷೆ ಮುಗಿಯುವವರೆಗೆ ಅವನಿಗೆ ‘ನಾಲೆಡ್ಜ್ ಹುಡುಗ’ನೆಂದೇ ಹೆಸರು, ಹೆಂಗಸಾದರೆ ‘ಹುಡುಗಿ’. ಅನೇಕರು ಸಂಸಾರಸ್ಥರು. ಹಗಲು ಎಲ್ಲಿಯೋ ದುಡಿದು ಬಂದು ಸಂಜೆ ಸ್ಕೂಟರು ಹತ್ತುವವರು. ಹೆಂಡತಿಯ ಸಂಬಳದ ಮೇಲೆ ಮನೆ ನಡೆಸುತ್ತ ಇದೊಂದನ್ನೇ ಹಿಡಿದು ಕುಳಿತವರು. ಸಂಪಾದನೆಯಿಲ್ಲದ ಈ ಸಾಧನೆಗೆ ಪೆಟ್ರೋಲು, ಟೈರು, ಶುಲ್ಕ, ಪುಸ್ತಕಗಳೆಂದು ಖರ್ಚು ಮಾತ್ರ ತಪ್ಪುವುದಿಲ್ಲ. ಲಂಡನ್ನಿನ ಮಳೆ, ಮಂಜು, ನಾಲ್ಕು ಗಂಟೆಗೇ ಕವಿಯುವ ಚಳಿಗಾಲದ ಕತ್ತಲೆ ಇವೆಲ್ಲವೂ ಪಠ್ಯಕ್ರಮಕ್ಕೆ ಸೇರಿದಂತೆಯೇ.

ರಾತ್ರಿ ಊಟವಾದ ಮೇಲೆ ಅಡುಗೆಮನೆಯ ಮೇಜಿನ ಬಳಿ ಒಪ್ಪಿಸುವ ಕೆಲಸ. ಜೊತೆಯ ಅಭ್ಯರ್ಥಿ ಸಿಕ್ಕರೆ ಒಬ್ಬರದನ್ನು ಒಬ್ಬರು ಒಪ್ಪಿಸಿಕೊಳ್ಳುತ್ತಾರೆ; ಇಲ್ಲವಾದರೆ ಹೆಂಡತಿಯೋ ಶಾಲೆಗೆ ಹೋಗುವ ಮಗಳೋ ಪುಸ್ತಕ ಹಿಡಿಯಬೇಕು. ಕಣ್ಣು ಮುಚ್ಚಿಕೊಂಡು ಹೇಳುವವನಿಗೆ ಬರಿಯ ಹೆಸರುಗಳು ಸಾಲವು. ತಿರುವಿನ ಮೂಲೆಯ ಔಷಧದ ಅಂಗಡಿ, ಅದರೆದುರಿನ ಅಂಚೆಪೆಟ್ಟಿಗೆ ಕಣ್ಣಿಗೆ ಕಟ್ಟಬೇಕು. ಆಗಲೇ ಮುಂದಿನ ಹೆಸರು ತಾನಾಗಿ ನಾಲಗೆಗೆ ಬರುತ್ತದೆ. ತಪ್ಪಿದಲ್ಲಿ ಪುಸ್ತಕ ಹಿಡಿದವರು ‘ಊಹೂಂ’ ಎನ್ನುತ್ತಾರೆ, ಮತ್ತೆ ಮೊದಲಿನಿಂದ. ಮೂರು ನಾಲ್ಕು ವರ್ಷ ಈ ಸಂಗೀತವನ್ನು ಕೇಳಿದ ಮನೆಯವರಿಗೂ ಅರ್ಧ ನಗರ ಬಾಯಿಗೆ ಬಂದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಅವರಿಗೆ ಬಿಲ್ಲೆ ಕೊಡುವವರಿಲ್ಲ, ಅಷ್ಟೇ.

ಬರಹದ ಪರೀಕ್ಷೆಯೊಂದನ್ನು ದಾಟಿದವರಿಗೆ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಅದಕ್ಕೆ ‘ಅಪಿಯರೆನ್ಸ್’ ಎಂದು ಹೆಸರು, ಸಮ್ಮುಖದಲ್ಲಿ ಹಾಜರಾಗುವುದು. 1966ರಿಂದ ಹಲವು ದಶಕಗಳ ಕಾಲ ಇದು ಪೆಂಟನ್ ಸ್ಟ್ರೀಟಿನ ಕಚೇರಿಯಲ್ಲಿ ನಡೆಯಿತು. ಮೊದಲ ಪಾಠದ ಕೊನೆಯಾದ ಗಿಬ್ಸನ್ ಚೌಕದಿಂದ ಅಲ್ಲಿಗೆ ಸುಮಾರು ಅರ್ಧ ಮೈಲಿ. ಕಾಲ್ನಡಿಗೆಯಲ್ಲಿ ಹತ್ತು ನಿಮಿಷದ ಆ ದೂರವನ್ನು ಕ್ರಮಿಸಲು ಹಲವರಿಗೆ ವರ್ಷಗಳೇ ಹಿಡಿದವು. ಹಲವರು ಕ್ರಮಿಸಲೇ ಇಲ್ಲ. ಕಚೇರಿ ಅಲ್ಲಿಂದ ಸ್ಥಳಾಂತರವಾದರೂ ಹಳಬರ ಬಾಯಲ್ಲಿ ಪೆಂಟನ್ ಸ್ಟ್ರೀಟು ಎಂದರೆ ಇಂದಿಗೂ ಪರೀಕ್ಷೆ ಎಂದೇ ಅರ್ಥ.

ದಿನವೆಲ್ಲ ಮಳೆಯಂಗಿ ತೊಟ್ಟು ಅಲೆಯುವವನು ಈ ದಿನ ಸೂಟು ಧರಿಸಿ, ಕಂಠಕೌಪೀನ ಬಿಗಿದು, ಬೂಟಿಗೆ ಪಾಲಿಷು ಹಾಕಿಕೊಂಡು ಬರುತ್ತಾನೆ. ಕಾಯುವ ಕೋಣೆಯಲ್ಲಿ ಯಾರೂ ಮಾತನಾಡುವುದಿಲ್ಲ. ತುಟಿಗಳು ಮಾತ್ರ ಅಲುಗಾಡುತ್ತಿರುತ್ತವೆ. ಪರೀಕ್ಷಕನು ಬಾಗಿಲಲ್ಲಿ ನಿಂತು ಮನೆತನದ ಹೆಸರಿಗೆ ‘ಮಿಸ್ಟರ್’ ಸೇರಿಸಿ ಕರೆಯುತ್ತಾನೆ. ಒಳಗೆ ಒಂದು ಮೇಜು, ಎದುರಿಗೊಂದು ಕುರ್ಚಿ. ಪರೀಕ್ಷಕನು ಎರಡು ಸ್ಥಳಗಳ ಹೆಸರು ಹೇಳುತ್ತಾನೆ. ಅವು ಯಾವ ಬೀದಿಯಲ್ಲಿವೆ ಎಂಬುದನ್ನು ಮೊದಲು ಹೇಳಬೇಕು. ಆಮೇಲೆ ಒಂದರಿಂದ ಇನ್ನೊಂದಕ್ಕೆ ಹತ್ತಿರದ ದಾರಿಯನ್ನು, ಪ್ರತಿಯೊಂದು ಬೀದಿಯ ಹೆಸರು, ಪ್ರತಿಯೊಂದು ತಿರುವಿನೊಡನೆ ಒಪ್ಪಿಸಬೇಕು. ಎಡಕ್ಕೆ ತಿರುಗಬಾರದ ಕಡೆ ಎಡಕ್ಕೆ ಎಂದನೋ, ಕೆಟ್ಟಿತು. ಇಂಥ ನಾಲ್ಕು ಪ್ರಶ್ನೆಗಳು. ಸೂರು ನೋಡುತ್ತ ಹೇಳುವವರುಂಟು. ಅದೃಶ್ಯವಾದ ಸ್ಟಿಯರಿಂಗ್ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ ಹೇಳುವವರುಂಟು. ಮನೆಯಲ್ಲಿ ನೂರು ಸಲ ತಡೆಯಿಲ್ಲದೆ ಹರಿದ ದಾರಿ ಈ ಕುರ್ಚಿಯಲ್ಲಿ ಕುಳಿತೊಡನೆ ಮಂಜಿನಲ್ಲಿ ಕರಗಿಹೋಗುವುದೂ ಉಂಟು.

ಒಂದು ಸಲ ಹಾಜರಾದರೆ ಸಾಲದು. ಮೊದಲು 56 ದಿನಗಳಿಗೊಮ್ಮೆ, ಆ ಮೆಟ್ಟಿಲು ದಾಟಿದರೆ 28 ದಿನಗಳಿಗೊಮ್ಮೆ, ಅದನ್ನೂ ದಾಟಿದರೆ 21 ದಿನಗಳಿಗೊಮ್ಮೆ ಎಂಬುದು ಬಹುಕಾಲದಿಂದ ನಡೆದುಬಂದ ಕ್ರಮ. ಎ ದರ್ಜೆಗೆ ಆರು ಅಂಕ, ಬಿಗೆ ನಾಲ್ಕು, ಸಿಗೆ ಮೂರು, ಡಿಗೆ ಸೊನ್ನೆ. ಏಳು ಸಲ ಹಾಜರಾಗುವುದರೊಳಗೆ ಹನ್ನೆರಡು ಅಂಕ ಸೇರಿಸಿಕೊಂಡವನು ಮೇಲಕ್ಕೆ ಹೋಗುತ್ತಾನೆ. ನಾಲ್ಕು ಡಿ ಬಿದ್ದವನು ಅದೇ ಮೆಟ್ಟಿಲನ್ನು ಮೊದಲಿನಿಂದ ಹತ್ತಬೇಕು, ಇಲ್ಲವೇ ಕೆಳಗಿನದಕ್ಕೆ ಇಳಿಯಬೇಕು. ಪರಮಪದ ಸೋಪಾನದ ಆಟದಲ್ಲಿ ಮೇಲಿನ ಮನೆ ಕಂಡವನನ್ನು ಹಾವು ನುಂಗಿದಂತೆ. ವ್ಯತ್ಯಾಸವೆಂದರೆ ಇಲ್ಲಿ ದಾಳಗಳ ಬದಲು ವರ್ಷಗಳನ್ನು ಎಸೆದಿರುತ್ತಾನೆ. ಆ ದಿನ ಮನೆಗೆ ಹೋಗಿ, ಪುಸ್ತಕ ಹಿಡಿದು ಕುಳಿತವರ ಎದುರಿಗೆ ಮಾತೆತ್ತುವುದೇ ನಾಲ್ಕು ಪ್ರಶ್ನೆಗಳಿಗಿಂತ ಕಷ್ಟವಾದ ಐದನೆಯ ಪ್ರಶ್ನೆ.

ಪರೀಕ್ಷಕರ ಕಾಠಿನ್ಯವನ್ನು ಕುರಿತು ಕಥೆಗಳಿಗೆ ಕೊರತೆಯಿಲ್ಲ. 1979ರಲ್ಲಿ ಜಾಕ್ ರೋಸೆಂಥಾಲ್ ಎಂಬ ನಾಟಕಕಾರನು ಈ ಪರೀಕ್ಷೆಯನ್ನೇ ವಸ್ತುವಾಗಿಟ್ಟು ‘ದಿ ನಾಲೆಡ್ಜ್’ ಎಂಬ ದೂರದರ್ಶನ ಚಿತ್ರವನ್ನು ಬರೆದನು. ಅದರಲ್ಲಿ ನೈಜಲ್ ಹಾಥಾರ್ನ್ ಅಭಿನಯಿಸಿದ ಪರೀಕ್ಷಕನ ಪಾತ್ರ ಅಭ್ಯರ್ಥಿಯ ಮುಂದೆ ಮಾಡುವ ಚೇಷ್ಟೆಗಳು ಒಂದೆರಡಲ್ಲ. ಗಾಡಿಯಲ್ಲಿ ಕುಡಿದು ಕೂಗಾಡುವವರೂ ಹತ್ತುತ್ತಾರೆ; ಅವರ ನಡುವೆ ತಾಳ್ಮೆಯನ್ನೂ ದಾರಿಯನ್ನೂ ಕಳೆದುಕೊಳ್ಳದವನೇ ಚಾಲಕನಾಗಲು ಯೋಗ್ಯ ಎಂಬ ತರ್ಕ ಆ ಚೇಷ್ಟೆಗಳ ಹಿಂದಿತ್ತು. ಈ ಚಿತ್ರ ಬಂದ ಮರುವರ್ಷ, 1980ರಲ್ಲಿ, ‘ಮಾಸ್ಟರ್‌ಮೈಂಡ್’ ಎಂಬ ರಾಷ್ಟ್ರಪ್ರಸಿದ್ಧ ರಸಪ್ರಶ್ನೆಯ ಸ್ಪರ್ಧೆಯಲ್ಲಿ ಫ್ರೆಡ್ ಹೌಸ್‌ಗೊ ಎಂಬ ಟ್ಯಾಕ್ಸಿ ಚಾಲಕನೇ ಗೆದ್ದನು. ಸಹೋದ್ಯೋಗಿಗಳಿಗೆ ಅದರಲ್ಲಿ ಅಚ್ಚರಿಯೇನೂ ಕಾಣಲಿಲ್ಲವೆಂದು ಊಹಿಸಬಹುದು.

ಗೆದ್ದವರು ಸೇರುವ ಸ್ಥಳವನ್ನು ನೋಡದೆ ಈ ಯಾತ್ರೆ ಪೂರ್ಣವಾಗದು. ಲಂಡನ್ನಿನ ಕೆಲವು ಬೀದಿಗಳ ಅಂಚಿನಲ್ಲಿ ಹಸಿರು ಬಣ್ಣ ಬಳಿದ ಮರದ ಗುಡಿಸಲುಗಳು ಕಾಣುತ್ತವೆ. 1875ರಲ್ಲಿ ಷಾಫ್ಟ್ಸ್‌ಬರಿ ಪ್ರಭು ಮೊದಲಾದವರು ನಿಧಿ ಕೂಡಿಸಿ, ಚಳಿಯಲ್ಲಿ ನಡುಗುವ ಗಾಡಿಯವರಿಗೆ ಬಿಸಿಯೂಟ ಸಿಗಲೆಂದೂ ಅವರು ಪಾನಗೃಹದ ದಾರಿ ಹಿಡಿಯದಿರಲೆಂದೂ ಇವನ್ನು ಕಟ್ಟಿಸತೊಡಗಿದರು. ಸಾರ್ವಜನಿಕ ರಸ್ತೆಯ ಮೇಲೆ ನಿಲ್ಲುವ ಇವು ಒಂದು ಕುದುರೆ, ಒಂದು ಗಾಡಿ ಹಿಡಿಯುವ ಜಾಗಕ್ಕಿಂತ ದೊಡ್ಡವಾಗಿರಕೂಡದೆಂದು ಕಟ್ಟಳೆ. ಒಟ್ಟು 61 ಕಟ್ಟಿದರು; 13 ಉಳಿದಿವೆ. ಕಿಟಕಿಯ ಬಳಿ ನಿಂತು ಚಹಾ ಕೊಳ್ಳಲು ಯಾರಿಗೂ ಅಡ್ಡಿಯಿಲ್ಲ. ಒಳಗಿನ ಬೆಂಚಿನ ಮೇಲೆ ಕುಳಿತುಕೊಳ್ಳುವ ಹಕ್ಕು ಬಿಲ್ಲೆ ಪಡೆದವರಿಗೆ ಮಾತ್ರ. ಸ್ಕೂಟರಿನ ಅಭ್ಯರ್ಥಿಯು ಹೊರಗೆ ಮಳೆಯಲ್ಲಿ ನಿಂತು ಚಹಾ ಕುಡಿಯುತ್ತ ಆ ಬೆಂಚನ್ನು ನೋಡುವ ನೋಟವನ್ನು ವರ್ಣಿಸಬೇಕಾಗಿಲ್ಲ.

ಇಷ್ಟೊಂದು ಬೀದಿಗಳನ್ನು ತುಂಬಿದ ತಲೆಯೊಳಗೆ ಏನಾಗುತ್ತದೆ ಎಂಬ ಕುತೂಹಲ ವಿಜ್ಞಾನಿಗಳಿಗೂ ಹುಟ್ಟಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಎಲೀನರ್ ಮಗ್ವೈರ್ ಮತ್ತು ಅವರ ಸಂಗಡಿಗರು 16 ಮಂದಿ ಚಾಲಕರ ಮಿದುಳಿನ ಚಿತ್ರ ತೆಗೆದು 2000ದಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಿದುಳಿನಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಭಾಗವಿದೆ. ಕಡಲ್ಗುದುರೆಯ ಆಕಾರದ್ದಾದುದರಿಂದ ಆ ಹೆಸರು. ಸ್ಥಳಗಳ ನೆನಪು ನೆಲಸುವುದು ಅಲ್ಲಿ. ಚಾಲಕರಲ್ಲಿ ಅದರ ಹಿಂಭಾಗವು ಇತರರಿಗಿಂತ ದೊಡ್ಡದಾಗಿತ್ತು. ಹೆಚ್ಚು ವರ್ಷ ಗಾಡಿ ನಡೆಸಿದವರಲ್ಲಿ ಇನ್ನೂ ದೊಡ್ಡದು. ಅಂಥ ಮಿದುಳಿನೊಡನೆ ಹುಟ್ಟಿದವರೇ ಪರೀಕ್ಷೆಯಲ್ಲಿ ಗೆಲ್ಲುತ್ತಾರೋ ಏನೋ ಎಂಬ ಶಂಕೆ ಸಹಜವಾಗಿತ್ತು. ಅದನ್ನು ಬಗೆಹರಿಸಲು ಕ್ಯಾಥರೀನ್ ವೂಲೆಟ್ ಎಂಬವರೊಡನೆ 79 ಅಭ್ಯರ್ಥಿಗಳನ್ನು ಕಲಿಕೆಯ ಆರಂಭದಿಂದಲೇ ಹಿಂಬಾಲಿಸಿ 2011ರಲ್ಲಿ ಉತ್ತರ ಹೇಳಿದರು. ಮೊದಲು ಎಲ್ಲರ ಮಿದುಳೂ ಒಂದೇ ತೆರ; ಕಡೆಗೆ ಉತ್ತೀರ್ಣರಾದ 39 ಮಂದಿಯಲ್ಲಿ ಮಾತ್ರ ಆ ಭಾಗ ಬೆಳೆದಿತ್ತು. ಇದಕ್ಕೆ ತೆತ್ತ ಬೆಲೆಯೂ ಕಂಡುಬಂದಿತು: ತೊಡಕಾದ ಹೊಸ ಚಿತ್ರವೊಂದನ್ನು ತೋರಿಸಿ, ಸ್ವಲ್ಪ ಹೊತ್ತಿನ ಬಳಿಕ ನೆನಪಿನಿಂದ ಬರೆಯಹೇಳಿದರೆ ಈ ಪ್ರವೀಣರು ಇತರರಿಗಿಂತ ಹಿಂದೆ ಬಿದ್ದರು. ಮಗ್ವೈರ್ ಅವರು 2025ರಲ್ಲಿ ತೀರಿಕೊಂಡರು. ನಡುವಯಸ್ಸಿನ ಮಿದುಳೂ ಕಲಿಕೆಗೆ ಮಣಿದು ಬದಲಾಗಬಲ್ಲದು ಎನ್ನಲು ಇಂದು ಜಗತ್ತಿನ ವೈದ್ಯಗ್ರಂಥಗಳು ಕೊಡುವ ನಿದರ್ಶನಗಳಲ್ಲಿ ಲಂಡನ್ನಿನ ಟ್ಯಾಕ್ಸಿಯವನೂ ಒಬ್ಬನು.

ಇವೆಲ್ಲವೂ ಸರಿಯೆ, ಅಂಗೈಯೊಳಗಿನ ದೂರವಾಣಿ ದಾರಿ ಹೇಳುವ ಕಾಲದಲ್ಲಿ ಇದೇಕೆ ಎಂದು ಕೇಳುವವರಿದ್ದಾರೆ. 2012ರಲ್ಲಿ ಊಬರ್ ಸಂಸ್ಥೆ ಲಂಡನ್ನಿಗೆ ಬಂದಿತು. ಅಲ್ಲಿಯ ಬಾಡಿಗೆ ಕಾರಿನವರಿಗೂ ದಾರಿಯ ಪರೀಕ್ಷೆಯೊಂದುಂಟು. ಆದರೆ ಅದು ನಕ್ಷೆಯನ್ನು ಓದಬಲ್ಲರೇ ಎಂದು ನೋಡುವ ಪರೀಕ್ಷೆ. ಮೂರು ನಾಲ್ಕು ವರ್ಷ ತೇದವರ ಎದುರಿನಲ್ಲಿಯೇ ಕೆಲವು ವಾರಗಳಲ್ಲಿ ಸಿದ್ಧರಾದವರು ಪ್ರಯಾಣಿಕರನ್ನು ಹತ್ತಿಸಿಕೊಂಡು ಹೋಗತೊಡಗಿದರು. 2014ರ ಜೂನ್ ತಿಂಗಳಲ್ಲಿ ಸಾವಿರಾರು ಕಪ್ಪು ಟ್ಯಾಕ್ಸಿಗಳು ಟ್ರಫಾಲ್ಗರ್ ಚೌಕದ ಸುತ್ತ ನಿಂತು ಸಂಚಾರವನ್ನು ಸ್ತಬ್ಧಗೊಳಿಸಿದವು. ಅದರಿಂದ ದೊಡ್ಡ ಫಲವೇನೂ ಆಗಲಿಲ್ಲ. ಬೀದಿಯಲ್ಲಿ ಕೈಯೆತ್ತಿ ನಿಲ್ಲಿಸಿದವರನ್ನು ಹತ್ತಿಸಿಕೊಳ್ಳುವ ಹಕ್ಕು ಇಂದಿಗೂ ಕಪ್ಪು ಟ್ಯಾಕ್ಸಿಯವರಿಗೆ ಮಾತ್ರ ಉಳಿದಿದೆ. ಆದರೆ ಅವರ ಸಂಖ್ಯೆ ಇಳಿಯುತ್ತ ಬಂದಿದೆ, ಸ್ಕೂಟರು ಹತ್ತುವ ಹೊಸಬರೂ ವಿರಳವಾಗಿದ್ದಾರೆ. ಸಂಸಾರ ಹೊತ್ತವನು ಇಷ್ಟು ವರ್ಷ ಆದಾಯವಿಲ್ಲದೆ ಓದಬೇಕೆನ್ನುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಯಂತ್ರವು ಹೇಳಿದ ತಿರುವಿನಲ್ಲಿ ಆ ಬೆಳಿಗ್ಗೆಯೇ ಗುಂಡಿ ತೋಡಿದ್ದರೆ ಏನು ಮಾಡುತ್ತೀರಿ ಎಂದು ಟ್ಯಾಕ್ಸಿಯವರು ಮರುಪ್ರಶ್ನೆ ಹಾಕುತ್ತಾರೆ. ಅದಕ್ಕಿಂತ ಬಲವಾದ ಉತ್ತರವೊಂದು ಅವರ ಮುಖದಲ್ಲಿಯೇ ಇದೆ. ಹೆಸರು ಕಿವಿಗೆ ಬಿದ್ದ ಕ್ಷಣದಲ್ಲಿ, ಕಣ್ಣನ್ನು ರಸ್ತೆಯಿಂದ ಕೀಳದೆ, ‘ಸರಿ’ ಎಂದು ಹೊರಡುವವನ ಗಾಂಭೀರ್ಯವನ್ನು ಯಾವ ಯಂತ್ರದ ಧ್ವನಿಯೂ ಇನ್ನೂ ಕಲಿತಿಲ್ಲ.

21 ದಿನಗಳ ಮೆಟ್ಟಿಲನ್ನೂ ದಾಟಿ, ಹೊರವಲಯದ ದಾರಿಗಳನ್ನು ಕುರಿತ ಕೊನೆಯ ಪರೀಕ್ಷೆಯನ್ನೂ ಮುಗಿಸಿದವನ ಮುಂದೆ, ಅಷ್ಟು ವರ್ಷ ಮುಖ ಸಡಿಲಿಸದೆ ಕುಳಿತಿದ್ದ ಪರೀಕ್ಷಕನು ಎದ್ದು ನಿಂತು ಕೈ ಚಾಚುತ್ತಾನೆ. ಬಳಿಕ ದೊರೆಯುವುದು ಅಂಡಾಕಾರದ ಹಸಿರು ಬಿಲ್ಲೆ. ಅದರ ಮೇಲೊಂದು ಸಂಖ್ಯೆ. ಕೆಂಪು ‘ಎಲ್’ ಅಕ್ಷರ ಅಂಟಿಸಿದ ಸ್ಕೂಟರು ಮಾರಾಟಕ್ಕೆ ಹೋಗುತ್ತದೆ. ಅಡುಗೆಮನೆಯ ಗೋಡೆಯಿಂದ ನಕ್ಷೆ ಇಳಿಯುತ್ತದೆ.

ಕಪ್ಪು ಗಾಡಿಯನ್ನು ಮೊದಲ ಸಲ ಬೀದಿಗಿಳಿಸಿದ ದಿನದ ಒಂದು ಸಂಪ್ರದಾಯವಿದೆ. ಮೊತ್ತಮೊದಲು ಕೈಯೆತ್ತಿದವರನ್ನು ಹತ್ತಿಸಿಕೊಂಡು, ಅವರು ಹೇಳಿದೆಡೆಗೆ ನೂಲಿನ ಮೇಲೆ ನಡೆಸಿ, ಇಳಿಸಿ, ಅವರು ಹಣದ ಚೀಲ ಬಿಚ್ಚುವ ವೇಳೆಗೆ ಹೊಸ ಚಾಲಕನು ‘ಬೇಡಿ’ ಎನ್ನುತ್ತಾನೆ. ಕಾರಣ ಕೇಳಿದರೆ ಹೇಳುತ್ತಾನೆ. ಕೇಳದಿದ್ದರೆ ನಕ್ಕು ಮುಂದಿನ ಬಾಡಿಗೆಗೆ ಹೊರಡುತ್ತಾನೆ.